ಕರಾರಿನಲ್ಲಿ ಇಲ್ಲದ ಹೆಸರು

ಶಾಲೆಯ ದಾಖಲಾತಿ ಪುಸ್ತಕದಲ್ಲಿ ‘ಪೋಷಕರ ಉದ್ಯೋಗ’ ಎಂದೊಂದು ಕಾಲಂ ಇರುತ್ತದೆ. ಹೊಸನಗರ, ತೀರ್ಥಹಳ್ಳಿ, ಕೊನೆಗೆ ಹುಟ್ಟೂರಾದ ಸಾಗರ ಎಂದು ಮೂರು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಸುಮಾರು ಮೂವತ್ತು ವರ್ಷ ನಾನು ಆ ಕಾಲಂ ತುಂಬಿಸಿದ್ದೇನೆ. ಅದನ್ನು ಬರೆಯುವುದು ಬಹಳ ಸುಲಭ. ಕೃಷಿ, ವ್ಯಾಪಾರ, ಸರ್ಕಾರಿ ನೌಕರಿ, ಡ್ರೈವರ್, ಗೃಹಿಣಿ. ಇದಾವುದಕ್ಕೂ ಸೇರದವರಿಗೆ ‘ಕೂಲಿ’. ಎರಡಕ್ಷರದ ಈ ಮಾತಿನಲ್ಲಿ ನಾನು ಎಷ್ಟು ಜನರನ್ನು ಒಟ್ಟಿಗೆ ತುಂಬಿಸಿಟ್ಟಿದ್ದೇನೋ ಲೆಕ್ಕವಿಲ್ಲ.

2003ರ ಜೂನ್ ತಿಂಗಳು. ಈ ಮೂರು ಊರುಗಳಲ್ಲಿ ಯಾವ ಊರು ಎಂದು ಮಾತ್ರ ಕೇಳಬೇಡಿ. ಎಂಟನೆಯ ತರಗತಿಗೆ ಮಗಳನ್ನು ಸೇರಿಸಲು ಒಬ್ಬ ಹೆಂಗಸು ಬಂದಿದ್ದಳು. ಹೊರಗೆ ಧೋ ಎಂದು ಮಳೆ. ತಲೆಯ ಮೇಲಿದ್ದ ಪ್ಲಾಸ್ಟಿಕ್ ಕೊಪ್ಪೆಯನ್ನು ಜಗುಲಿಯ ಮೂಲೆಯಲ್ಲಿ ಮಡಚಿಟ್ಟು, ಕಾಲು ಒರೆಸಿಕೊಂಡು, ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಳು. ನಾನೇ ಕರೆದೆ. ಗಂಡ ತೀರಿಕೊಂಡಿದ್ದ. ಹಾಗಾಗಿ ಪೋಷಕರ ಜಾಗದಲ್ಲಿ ಆಕೆಯ ಹೆಸರನ್ನೇ ಬರೆದೆ. ಉದ್ಯೋಗದ ಕಾಲಮ್ಮಿಗೆ ಬಂದಾಗ ಕೇಳುವ ಮೊದಲೇ ನನ್ನ ಪೆನ್ನು ‘ಕೂಲಿ’ ಎಂದು ಬರೆದಾಗಿತ್ತು.

“ಮೇಡಂ, ಅಲ್ಲಿ ಮುನಿಸಿಪಾಲ್ಟಿ ಕೆಲಸ ಅಂತ ಬರೀರಿ,” ಎಂದಳು.

“ಪರ್ಮನೆಂಟಾ?” ಎಂದೆ.

“ಅಲ್ಲ, ಕಂಟ್ರಾಕ್ಟು.”

“ಹಾಗಾದರೆ ಕೂಲಿನೇ ಆಯಿತಲ್ಲಮ್ಮ. ಏನು ಬರೆದರೇನು, ಎಲ್ಲ ಒಂದೇ.”

ಅವಳು ಮತ್ತೆ ಮಾತಾಡಲಿಲ್ಲ. ಹೆಬ್ಬೆಟ್ಟು ಒತ್ತಲು ಇಂಕಿನ ಪ್ಯಾಡನ್ನು ಅವಳ ಕಡೆ ಸರಿಸಿದೆ. ಅವಳು ಪೆನ್ನು ಕೇಳಿ ತೆಗೆದುಕೊಂಡು ನಿಧಾನವಾಗಿ ಸಹಿ ಹಾಕಿದಳು. ನನಗೆ ಒಂದು ಕ್ಷಣ ನಾಚಿಕೆಯಾಯಿತು. ಆದರೆ ಅಡ್ಮಿಷನ್ನಿನ ಗಡಿಬಿಡಿಯಲ್ಲಿ ನಾಚಿಕೆ ಬಹಳ ಹೊತ್ತು ನಿಲ್ಲುವುದಿಲ್ಲ.

‘ಎಲ್ಲ ಒಂದೇ’ ಎಂದ ಆ ಮಾತು ಸುಳ್ಳೆಂದು ತಿಳಿಯಲು ನನಗೆ ಆರು ತಿಂಗಳು ಹಿಡಿಯಿತು. ಎಷ್ಟು ದೊಡ್ಡ ಸುಳ್ಳೆಂದು ತಿಳಿಯಲು ಇಪ್ಪತ್ತು ವರ್ಷ. ಆ ಕಥೆ ಹೇಳುವ ಮೊದಲು ಸ್ವಲ್ಪ ಹಿಂದೆ ಹೋಗಬೇಕು.

ಸಾಗರದಲ್ಲಿ ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಮನೆಗಳ ಹಿಂದೆ ಒಂದು ಸಣ್ಣ ಸಂದಿ ಇತ್ತು. ಮಕ್ಕಳು ಆಡಲು ಹೋಗಬಾರದ ಜಾಗ ಅದು. ಬೆಳಗಿನ ಜಾವ ಅಲ್ಲಿ ತಗಡಿನ ಸದ್ದಾಗುತ್ತಿತ್ತು. ಆ ಸದ್ದು ಕೇಳಿದರೆ ಅಜ್ಜಿ ಹಿತ್ತಿಲ ಬಾಗಿಲು ಹಾಕುತ್ತಿದ್ದರು. ನಾನು ಒಮ್ಮೆ ಕಿಟಕಿಯಿಂದ ಇಣುಕಿ ಕೈಗಾಡಿ ತಳ್ಳುವ ಹೆಂಗಸನ್ನು ನೋಡಿದ್ದು ನೆನಪಿದೆ. “ಈಗ ಪರವಾಗಿಲ್ಲ, ಮೊದಲು ತಲೆ ಮೇಲೆ ಹೊರುತ್ತಿದ್ದರು, ಮಳೆಗಾಲದಲ್ಲಿ ಮೈಮೇಲೆಲ್ಲ ಸೋರುತ್ತಿತ್ತು,” ಎಂದು ಅಮ್ಮ ಹೇಳುತ್ತಿದ್ದಳು. ಹಬ್ಬದ ಮರುದಿನ ಉಳಿದ ಹೋಳಿಗೆಯನ್ನು ಆ ಹೆಂಗಸಿನ ಸೆರಗಿಗೆ ಮೇಲಿನಿಂದ ಹಾಕುತ್ತಿದ್ದರು. ಅವಳ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಲಿನವನ ಹೆಸರು ಗೊತ್ತಿತ್ತು, ಮೀನಿನವಳ ಹೆಸರು ಮೀನು ತಿನ್ನದ ನಮ್ಮ ಅಜ್ಜಿಗೂ ಗೊತ್ತಿತ್ತು. ದಿನವೂ ಬರುತ್ತಿದ್ದ ಈ ಹೆಂಗಸಿಗೆ ಮಾತ್ರ ಹೆಸರಿರಲಿಲ್ಲ.

ತಲೆಯ ಮೇಲಿನ ಆ ಭಾರ ಕೈಗಾಡಿಗೆ ಇಳಿದದ್ದು ತಾನಾಗಿಯೇ ಅಲ್ಲ. 1970ರ ದಶಕದ ಮೊದಲ ಭಾಗದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ. ಅದನ್ನು ಇನ್ನಷ್ಟು ಬಿಗಿ ಮಾಡಿದ್ದು 2013ರಲ್ಲಿ. ನಮ್ಮ ರಾಜ್ಯದ ಮಂತ್ರಿಯೊಬ್ಬರಿಗೆ ಎಪ್ಪತ್ತರ ದಶಕದಲ್ಲೇ ಹೊಳೆದದ್ದು ದೆಹಲಿಗೆ ಹೊಳೆಯಲು ಇಪ್ಪತ್ತು ವರ್ಷ ಬೇಕಾಯಿತು.

ಅದೇ ಕಾಲದಲ್ಲಿ ಇನ್ನೊಂದು ಕೆಲಸವೂ ನಡೆಯಿತು. ಝಾಡಮಾಲಿಗಳ ಜೀವನ ಹೇಗಿದೆ ಎಂದು ನೋಡಿ ವರದಿ ಕೊಡಲು ಐ.ಪಿ.ಡಿ. ಸಾಲಪ್ಪನವರ ನೇತೃತ್ವದಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. 1976ರಲ್ಲಿ ಆ ವರದಿ ಬಂತು. ಪ್ರತಿ 500 ಜನಸಂಖ್ಯೆಗೆ ಒಬ್ಬ ಕೆಲಸಗಾರನಾದರೂ ಇರಬೇಕು ಎನ್ನುವುದು ಅದರ ಒಂದು ಮುಖ್ಯ ಮಾತು. ಮುಂದೆ ಸರ್ಕಾರ ನೇಮಕಕ್ಕೆ ಹಿಡಿದ ಲೆಕ್ಕ 700 ಜನಕ್ಕೆ ಒಬ್ಬರು. ಇದನ್ನು ಐವತ್ತು ಸಾವಿರ ಜನರಿರುವ ಸಾಗರದಂಥ ಊರಿಗೆ ಹಾಕಿ ನೋಡಿ. ಮೊದಲಿನ ಲೆಕ್ಕದಲ್ಲಿ 100 ಜನ ಬೇಕು, ಎರಡನೆಯದರಲ್ಲಿ 71 ಸಾಕು. ಉಳಿದ 29 ಜನರ ಕೆಲಸ ಎಲ್ಲಿ ಹೋಯಿತು? ಕಸವೇನೂ ಕಡಿಮೆಯಾಗಲಿಲ್ಲವಲ್ಲ! ಅದು ಉಳಿದವರ ಸೊಂಟದ ಮೇಲೆ ಬಂತು, ಇಲ್ಲವೇ ಲೆಕ್ಕಕ್ಕೆ ಸಿಗದವರ ಕೈಗೆ ಹೋಯಿತು.

ಝಾಡಮಾಲಿ ಎನ್ನುತ್ತಿದ್ದವರನ್ನು ನಾವು ಈಗ ಪೌರಕಾರ್ಮಿಕರು ಎನ್ನುತ್ತೇವೆ. ಪ್ರತಿ ವರ್ಷ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ ಆಚರಿಸುತ್ತೇವೆ. ಹೆಸರು ಬದಲಾದದ್ದು ಒಳ್ಳೆಯದೇ ಆಯಿತು. ಆದರೆ ಅದು ಗುಂಪಿನ ಹೆಸರು. ನಾನು ಹೇಳಹೊರಟಿರುವುದು ಒಬ್ಬೊಬ್ಬರ ಹೆಸರಿನ ವಿಚಾರ.

ನಮ್ಮ ಸೀಮೆಯವರಿಗೆ ಕಾಗದದ ಮೇಲಿನ ಹೆಸರಿಗೆ ಎಷ್ಟು ಬೆಲೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸಾಗರದಿಂದ ಸ್ವಲ್ಪ ದೂರದಲ್ಲಿ ಕಾಗೋಡು ಇದೆ. 1951ರಲ್ಲಿ ಅಲ್ಲಿಯ ಗೇಣಿದಾರರು ಎದ್ದು ನಿಂತದ್ದು ಒಂದು ಕೊಳಗದ ವಿಚಾರಕ್ಕೆ. ಗೇಣಿ ಭತ್ತ ಅಳೆದುಕೊಳ್ಳಲು ಧಣಿಗಳು ದೊಡ್ಡ ಕೊಳಗ ಹಿಡಿಯುತ್ತಿದ್ದರು. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದು ಕೇಳಿದರೆ ನೆಲ ಬಿಡು ಎನ್ನುವ ಉತ್ತರ. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಹೋರಾಟಕ್ಕೆ ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಬಂದರು. ದೂರದ ಉತ್ತರದಿಂದ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಹೆಂಗಸರೂ ಜೈಲಿಗೆ ಹೋದರು. ಮರುವರ್ಷ, 1952ರಲ್ಲಿ, ಸಾಗರ–ಹೊಸನಗರ ಕ್ಷೇತ್ರದ ಜನ ಗೋಪಾಲಗೌಡರನ್ನು ವಿಧಾನಸಭೆಗೆ ಆರಿಸಿ ಕಳಿಸಿದರು.

ಆ ಹೋರಾಟದ ಫಲ ಕೈಗೆ ಬಂದದ್ದು 1974ರ ಭೂಸುಧಾರಣೆಯಲ್ಲಿ. ಆಗ ಉಳುವವರಿಗೆ ಭೂಮಿ ಸಿಕ್ಕಿತು ಎನ್ನುತ್ತೇವೆ. ಆದರೆ ಭೂನ್ಯಾಯಮಂಡಳಿಯ ಮುಂದೆ ನಿಂತಾಗ ಮೊದಲು ಕೇಳುತ್ತಿದ್ದದ್ದು, ಪಹಣಿಯಲ್ಲಿ ನಿನ್ನ ಹೆಸರು ಇದೆಯೇ ಎಂದು. ಸಾಗುವಳಿದಾರರ ಕಾಲಮ್ಮಿನಲ್ಲಿ ಹೆಸರಿದ್ದವನ ದಾರಿ ಸಲೀಸಾಯಿತು. ಬಾಯಿಮಾತಿನ ಗೇಣಿಯವನು ಸಾಕ್ಷಿ ಹುಡುಕಿಕೊಂಡು ಮನೆಮನೆ ತಿರುಗಿದ. ಅಪ್ಪಯ್ಯ ತಾಲ್ಲೂಕು ಕಚೇರಿಯ ಹತ್ತಿರ ಅರ್ಜಿ ಬರೆದುಕೊಡುತ್ತಿದ್ದ ಕಾಲವದು. ‘ಅಕ್ಷರ ಒಂದು ಇದ್ದಿದ್ದರೆ ಸಾಕಿತ್ತು’ ಎಂದು ಅವರು ಊಟದ ಹೊತ್ತಿನಲ್ಲಿ ಹೇಳುತ್ತಿದ್ದದ್ದು ನೆನಪಿದೆ.

ಇಂಥ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನಾನೇ ದಾಖಲಾತಿ ಪುಸ್ತಕ ಹಿಡಿದು ಕೂತು ‘ಏನು ಬರೆದರೇನು’ ಎಂದಿದ್ದೆ.

ಈಗ ಊರು ಗುಡಿಸುವ ಕೆಲಸಕ್ಕೆ ಗುತ್ತಿಗೆ ಹೇಗೆ ಬಂತು ಎನ್ನುವುದನ್ನು ನೋಡೋಣ. ಹಿಂದೆ ಪುರಸಭೆಯೇ ಆಳುಗಳನ್ನು ನೇಮಿಸಿಕೊಂಡು ಸಂಬಳ ಕೊಡುತ್ತಿತ್ತು. ಸಂಬಳ ಕಡಿಮೆ, ಕೆಲಸ ಕೀಳೆಂದು ನೋಡುವವರೇ ಹೆಚ್ಚು. ಆದರೂ ಅದು ನೌಕರಿ. ಹಾಜರಿ ಪುಸ್ತಕ ಇತ್ತು, ರಜೆ ಇತ್ತು, ನಿವೃತ್ತಿಯ ನಂತರ ಪಿಂಚಣಿ ಇತ್ತು. 1990ರ ದಶಕ ಬರುವ ಹೊತ್ತಿಗೆ ಊರುಗಳು ಬೆಳೆದವು, ಹೊಸ ಹುದ್ದೆಗಳು ಬೆಳೆಯಲಿಲ್ಲ. ನಿವೃತ್ತರಾದವರ ಜಾಗವೂ ಖಾಲಿ ಉಳಿಯತೊಡಗಿತು. ಆದರೆ ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆ ನಿಲ್ಲುವುದಿಲ್ಲ. ತುಂಗೆಯ ತೆಪ್ಪೋತ್ಸವ ನೋಡಿ ನಾವು ಮನೆಗೆ ಬಂದು ಮಲಗಿದ ಮೇಲೆ ಆ ದಡವನ್ನು ಯಾರೋ ಗುಡಿಸಲೇಬೇಕು. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಯಾದರೆ ದಿನಗಟ್ಟಲೆ ಬೀದಿಯಲ್ಲಿ ಬೀಳುವ ಎಲೆ, ಲೋಟ, ಹೂವು ಎತ್ತಲೇಬೇಕು. ಹೊಸನಗರದಂಥ ಸಣ್ಣ ಊರಿನಲ್ಲೂ ಜೂನ್ ತಿಂಗಳ ಮೊದಲ ಮಳೆಗೆ ಚರಂಡಿ ಕಟ್ಟಿದರೆ ನೀರು ಅಂಗಡಿಯೊಳಗೇ ಬರುತ್ತದೆ.

ನಮ್ಮ ಸದಸ್ಯರನ್ನಷ್ಟೇ ಬೈದರೆ ನ್ಯಾಯವಾಗುವುದಿಲ್ಲ. 1992ರ 74ನೆಯ ತಿದ್ದುಪಡಿಯಿಂದ ನಗರಾಡಳಿತಗಳಿಗೆ ಸಂವಿಧಾನದಲ್ಲೇ ಜಾಗ ಸಿಕ್ಕಿತು, ಹೆಂಗಸರಿಗೆ ಮೂರನೆಯ ಒಂದು ಭಾಗ ಸ್ಥಾನವೂ ಸಿಕ್ಕಿತು. ಆದರೆ ಒಂದು ಹುದ್ದೆ ಹೊಸದಾಗಿ ಮಾಡಬೇಕಾದರೆ ಬೆಂಗಳೂರಿನ ಮಂಜೂರಾತಿ ಬೇಕು. ಸದಸ್ಯರಿಗೆ ಬೆಳಗಾದರೆ ಊರು ಗುಡಿಸಿಸುವ ಹೊಣೆ ಇದೆ, ಗುಡಿಸುವವಳಿಗೆ ನೌಕರಿ ಕೊಡುವ ಅಧಿಕಾರ ಇಲ್ಲ. ಅವರ ಕೈಯಲ್ಲಿ ಉಳಿದದ್ದು ಟೆಂಡರು ಕರೆಯುವುದು ಮಾತ್ರ.

ಹಾಗಾಗಿ ವರ್ಷಕ್ಕೊಮ್ಮೆ ಸಭೆಯ ವಿಷಯಪಟ್ಟಿಯಲ್ಲಿ ಒಂದು ಸಾಲು ಬರುತ್ತಿತ್ತು: ಸ್ವಚ್ಛತಾ ಕೆಲಸಕ್ಕೆ ಕಾರ್ಮಿಕರನ್ನು ಒದಗಿಸುವ ಗುತ್ತಿಗೆ ಕುರಿತು. ರಸ್ತೆ ಡಾಂಬರು, ಬೀದಿ ದೀಪ, ಸಂತೆಯ ಸುಂಕದ ಹರಾಜು, ಇವುಗಳ ನಡುವೆ ಅದೂ ಒಂದು. ಕಡಿಮೆ ದರ ಹಾಕಿದವನಿಗೆ ಒಪ್ಪಿಗೆ ಕೊಡುತ್ತಿದ್ದರು. ಆಮೇಲೆ ಛಾಪಾ ಕಾಗದದ ಮೇಲೆ ಕರಾರು ಆಗುತ್ತಿತ್ತು. ಒಂದು ಕಡೆ ಮುಖ್ಯಾಧಿಕಾರಿ, ಇನ್ನೊಂದು ಕಡೆ ಗುತ್ತಿಗೆದಾರ. ನಡುವೆ ‘ಇಷ್ಟು ಜನ ಕಾರ್ಮಿಕರು’ ಎಂಬ ಒಂದು ಅಂಕಿ. ಕೆಲಸ ಮಾಡುವವಳ ಹೆಸರು ಎರಡೂ ಕಡೆ ಇಲ್ಲ. ಜಾತ್ರೆಗೆ ಶಾಮಿಯಾನ, ಕುರ್ಚಿ ಬಾಡಿಗೆಗೆ ತರಿಸುವಾಗಲೂ ಹೀಗೇ ತಾನೇ ಬರೆಯುವುದು?

ನಮ್ಮಂಥ ಶಿಕ್ಷಕರಿಗೆ ಸೇವಾ ಪುಸ್ತಕ ಎಂಬುದೊಂದು ಇರುತ್ತದೆ. ಅದರ ಮೊದಲ ಪುಟದಲ್ಲಿ ನನ್ನ ಹೆಸರು, ಹುಟ್ಟಿದ ತಾರೀಕು, ಎತ್ತರ, ಗುರುತಿನ ಮಚ್ಚೆ ಎಲ್ಲ ಇದೆ. ಬೆರಳುಗಳ ಗುರುತೂ ಇದೆ. ನಾನು ಎಂದು ಕೆಲಸಕ್ಕೆ ಸೇರಿದೆ, ಎಂದು ಹೆರಿಗೆ ರಜೆ ಹಾಕಿದೆ, ಯಾವ ವರ್ಷ ಬಡ್ತಿ ಕಾಲ್ಪನಿಕವಾಗಿ ಬಂದು ನಿಂತುಹೋಯಿತು ಎಲ್ಲವನ್ನೂ ಅದು ಹೇಳುತ್ತದೆ. ಅದನ್ನು ನೋಡಿ ನಾನು ಎಷ್ಟೋ ಸಲ ಗೊಣಗಿದ್ದೇನೆ. ಆದರೆ ಆ ಪುಸ್ತಕ ಇಲ್ಲದ ಬದುಕು ಹೇಗಿರುತ್ತದೆ ಎಂದು ಆ ವರ್ಷ ಡಿಸೆಂಬರಿನಲ್ಲಿ ತಿಳಿಯಿತು.

ಚರಂಡಿ, ಶೌಚಗುಂಡಿ ಮುಂತಾದ ಕೆಲಸ ಮಾಡುವವರ ಮಕ್ಕಳಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವೊಂದು 1977–78ರಿಂದ ಇತ್ತು. ಆ ಹುಡುಗಿಗೆ ಅದು ಸಿಗಲಿ ಎಂದು ನಾನೇ ಅರ್ಜಿ ತುಂಬಿಸಿದೆ. ಪೋಷಕರ ಉದ್ಯೋಗಕ್ಕೆ ಪ್ರಮಾಣಪತ್ರ ಬೇಕಾಗಿತ್ತು. ಅವಳ ತಾಯಿ ಕಚೇರಿಗೆ ಹೋದಳು. ‘ನೀನು ನಮ್ಮ ನೌಕರಳಲ್ಲ, ಗುತ್ತಿಗೆದಾರನ ಹತ್ತಿರ ತಗೊಂಡು ಬಾ’ ಎಂದರು. ಗುತ್ತಿಗೆದಾರನ ಹತ್ತಿರ ಹೋದಳು. ಆತ, ‘ನಿನಗೆ ಬರೆದುಕೊಟ್ಟರೆ ನಾಳೆ ಎಲ್ಲರೂ ಕೇಳ್ತಾರೆ, ನಾನು ಬರೀ ಆಳು ಕಳಿಸೋನು, ಕೆಲಸ ಕಚೇರಿದು’ ಎಂದ. ಮತ್ತೆ ಕಚೇರಿ. ಮೂರು ದಿನದ ಕೂಲಿ ಹೋಯಿತು. ನಾಲ್ಕನೆಯ ದಿನ ಶಾಲೆಗೆ ಬಂದಳು.

“ಮೇಡಂ, ನಿಮ್ಮ ಪುಸ್ತಕದಾಗೆ ಮುನಿಸಿಪಾಲ್ಟಿ ಅಂತ ಇದ್ದಿದ್ರೆ ಅದನ್ನೇ ತೋರಿಸಬಹುದಿತ್ತಲ್ಲ?”

ಅದರಿಂದ ಕೆಲಸವಾಗುತ್ತಿತ್ತು ಎಂದು ನಾನು ಹೇಳಲಾರೆ. ಬಹುಶಃ ಆಗುತ್ತಿರಲಿಲ್ಲ. ಆದರೆ ಅವಳ ಕೈಯಲ್ಲಿ ಒಂದು ಕಾಗದವಾದರೂ ಇರುತ್ತಿತ್ತು. ಹುಡುಗಿಯ ಅರ್ಜಿ ಆ ವರ್ಷ ಹೋಗಲೇ ಇಲ್ಲ. ಪುಸ್ತಕ, ಸಮವಸ್ತ್ರಕ್ಕೆ ನಾವು ಶಿಕ್ಷಕಿಯರೆಲ್ಲ ಸೇರಿ ಸ್ವಲ್ಪ ಹಣ ಕೊಟ್ಟೆವು. ಅವಳು ತೆಗೆದುಕೊಂಡಳು. ಸೆರಗೊಡ್ಡಿ ಹೋಳಿಗೆ ತೆಗೆದುಕೊಂಡ ಆ ಹಿಂದಿನ ಸಂದಿಯ ಹೆಂಗಸು ನನಗೆ ಆಗ ನೆನಪಾದಳು. ಹಕ್ಕಿನಿಂದ ಬರಬೇಕಾಗಿದ್ದದ್ದನ್ನು ನಾವು ದಾನ ಮಾಡಿದ್ದೆವು.

ಕಾಯ್ದೆ ಇರಲಿಲ್ಲವೇ ಎಂದರೆ ಇತ್ತು. ಗುತ್ತಿಗೆ ಕಾರ್ಮಿಕರ ಕಾಯ್ದೆ ಬಂದದ್ದು 1970ರಲ್ಲಿ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕು ಎಂದು ಅದು ಸ್ಪಷ್ಟವಾಗಿ ಹೇಳುತ್ತಿತ್ತು. ಆದರೆ ಎರಡು ತಿಂಗಳ ಕೂಲಿ ಬಾಕಿ ಇರುವ ಹೆಂಗಸು, ತಾನು ಅಲ್ಲಿ ಕೆಲಸ ಮಾಡಿದ್ದೇನೆ ಎಂದು ಮೊದಲು ತೋರಿಸಬೇಕಲ್ಲ! ಯಾವ ಪುಸ್ತಕದಲ್ಲಿ ತೋರಿಸುತ್ತಾಳೆ?

ನಮ್ಮಲ್ಲಿ ಸಭೆಯು ಕರಾರಿಗೆ ಒಪ್ಪಿಗೆ ಕೊಡುವುದು ಗುತ್ತಿಗೆದಾರನ ಜೊತೆ. ಕಾರ್ಮಿಕರ ಜೊತೆಗೇ ಕರಾರು ಮಾಡಿಕೊಂಡ ನಗರಸಭೆಯ ಕಥೆಯೊಂದನ್ನು ನಾನು ಹತ್ತನೆಯ ತರಗತಿಯ ಮಕ್ಕಳಿಗೆ ಹೇಳುತ್ತಿದ್ದೆ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದದ್ದು ಎಲ್ಲರಿಗೂ ಗೊತ್ತು. ಅವರು ಆ ಊರಿಗೆ ಹೋಗಿದ್ದು ಏಕೆ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಅವರು ಹೋಗಿದ್ದು ಕಸ ಎತ್ತುವವರ ಸಲುವಾಗಿ.

ಅಮೆರಿಕದ ಮೆಂಫಿಸ್ ಎಂಬ ಊರು. 1968ರ ಫೆಬ್ರವರಿ 1. ಅಂದು ಜೋರು ಮಳೆ. ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬಿಬ್ಬರು ಕಪ್ಪು ಕೆಲಸಗಾರರು ಮಳೆ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗದೊಳಗೆ ಸೇರಿಕೊಂಡಿದ್ದರು. ಕಸ ಒತ್ತುವ ಯಂತ್ರ ತಾನಾಗಿಯೇ ಚಾಲೂ ಆಗಿ ಇಬ್ಬರೂ ಅದರೊಳಗೆ ಸಿಕ್ಕಿ ಸತ್ತರು. ಫೆಬ್ರವರಿ 12ರಂದು ಸುಮಾರು 1,300 ಜನ ಕೆಲಸ ನಿಲ್ಲಿಸಿದರು. ತಮ್ಮ ಸಂಘವನ್ನು ಒಪ್ಪಿ ತಮ್ಮ ಜೊತೆ ಕರಾರು ಮಾಡಿಕೊಳ್ಳಿ ಎನ್ನುವುದು ಅವರ ಬೇಡಿಕೆ. ಮೇಯರು ಒಪ್ಪಲಿಲ್ಲ. ನಗರಸಭೆಯ ಒಂದು ಉಪಸಮಿತಿ ಒಪ್ಪಬಹುದು ಎಂದಿತು, ಮರುದಿನ ಇಡೀ ಸಭೆ ಹಿಂದೆ ಸರಿಯಿತು. ‘ನಾನೊಬ್ಬ ಮನುಷ್ಯ’ ಎಂಬ ಫಲಕ ಹಿಡಿದು ಅವರು ಬೀದಿಯಲ್ಲಿ ನಡೆದರು. ಕಿಂಗ್ ಅವರ ಜೊತೆ ನಿಂತರು. ಏಪ್ರಿಲ್ 4ರಂದು ಅದೇ ಊರಿನಲ್ಲಿ ಗುಂಡಿಗೆ ಬಲಿಯಾದರು. ಏಪ್ರಿಲ್ 16ರಂದು ನಗರಸಭೆ ಕೊನೆಗೂ ಕರಾರಿಗೆ ಒಪ್ಪಿಗೆ ಕೊಟ್ಟಿತು. ಸಂಘಕ್ಕೆ ಮಾನ್ಯತೆ ಸಿಕ್ಕಿತು, ಕೂಲಿ ಹೆಚ್ಚಾಯಿತು.

ಮಕ್ಕಳು ಈ ಕಥೆಯನ್ನು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಒಮ್ಮೆ ಒಬ್ಬ ಹುಡುಗ, “ನಮ್ಮೂರಲ್ಲೂ ಹಾಗೆ ಆಗಿದೆಯಾ ಮೇಡಂ?” ಎಂದು ಕೇಳಿದ. ದೂರದ ಊರಿನ ನ್ಯಾಯವನ್ನು ಪಾಠ ಮಾಡುವುದು ಎಷ್ಟು ಹಗುರ ಎಂದು ಅಂದು ಅನ್ನಿಸಿತು.

ನಮ್ಮಲ್ಲಿ ಜಗಳ ಬೀದಿಗಿಂತ ಹೆಚ್ಚಾಗಿ ಕೋರ್ಟಿನಲ್ಲಿ ನಡೆಯಿತು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಮೊಕದ್ದಮೆಯಲ್ಲಿ 1990ರಲ್ಲಿ ಸುಪ್ರೀಂ ಕೋರ್ಟು ಕೆಲಸಗಾರರ ಪರವಾಗಿ ನಿಂತು, ಬಹಳ ವರ್ಷ ದುಡಿದವರನ್ನು ಕಾಯಂ ಮಾಡುವ ದಾರಿ ತೆರೆಯಿತು. 2006ರ ಏಪ್ರಿಲ್ 10ರಂದು ಅದೇ ಕೋರ್ಟಿನ ಸಂವಿಧಾನ ಪೀಠ ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು. ಸರಿಯಾದ ನೇಮಕಾತಿ ಇಲ್ಲದೆ ಒಳಬಂದವರು, ಎಷ್ಟು ವರ್ಷ ದುಡಿದಿದ್ದರೂ, ಕಾಯಂ ಮಾಡಿ ಎಂದು ಹಕ್ಕಿನಿಂದ ಕೇಳುವಂತಿಲ್ಲ ಎಂದಿತು. ಅದರಲ್ಲೂ ತರ್ಕವಿದೆ. ಹಿಂಬಾಗಿಲಿನಿಂದ ಬಂದವರಿಗೆ ಕೆಲಸ ಕೊಟ್ಟರೆ ಅರ್ಜಿ ಹಾಕಿ ಕಾಯುತ್ತಿರುವವರಿಗೆ ಅನ್ಯಾಯ ಎನ್ನುವುದು ನಿಜ. ಆದರೆ ಊರು ಗುಡಿಸುವ ಕೆಲಸಕ್ಕೆ ಮುಂಬಾಗಿಲು ಎಲ್ಲಿ ತೆರೆದಿತ್ತು? ಮೊಕದ್ದಮೆಯೂ ನಮ್ಮ ರಾಜ್ಯದ್ದೇ. ಕರ್ನಾಟಕ ಸರ್ಕಾರದ ಎದುರು ನಿಂತ ಉಮಾದೇವಿ ಎಂಬ ದಿನಗೂಲಿ ನೌಕರಳ ಹೆಸರಿನಲ್ಲಿಯೇ ದೇಶದ ವಕೀಲರೆಲ್ಲ ಆ ತೀರ್ಪನ್ನು ಕರೆಯುತ್ತಾರೆ. ಒಬ್ಬ ಹೆಂಗಸಿನ ಹೆಸರು ಕಾನೂನು ಪುಸ್ತಕ ಸೇರಿತು, ಆದರೆ ಅವಳಂಥವರನ್ನು ಹೊರಗಿಡುವ ಮಾತಾಗಿ. ಅನೇಕ ವರ್ಷಗಳ ನಂತರ, 2024 ಮತ್ತು 2025ರ ತೀರ್ಪುಗಳಲ್ಲಿ, ಆ ತೀರ್ಪನ್ನೇ ಗುರಾಣಿ ಮಾಡಿಕೊಂಡು ಸರ್ಕಾರಗಳು ಕಾಯಂ ಕೆಲಸವನ್ನು ತಾತ್ಕಾಲಿಕ ಎಂದು ನಡೆಸಬಾರದು ಎಂದು ಸುಪ್ರೀಂ ಕೋರ್ಟು ಹೇಳಿತು. ಅದರಲ್ಲಿ ಒಂದು ಗಾಜಿಯಾಬಾದ್ ನಗರಪಾಲಿಕೆಯ ತೋಟದ ಕೆಲಸಗಾರರದು.

ಗುತ್ತಿಗೆಯ ಹೆಂಗಸರ ಪಾಡು ದಿನಗೂಲಿಯವರಿಗಿಂತ ಒಂದು ಮೆಟ್ಟಿಲು ಕೆಳಗೆ. ಅವರನ್ನು ಸರ್ಕಾರದ ದಿನಗೂಲಿ ಎಂದೂ ಕರೆಯುವಂತಿರಲಿಲ್ಲ. ಅವರಿಗೆ ದಾರಿ ಮಾಡಿದ್ದು ಕೋರ್ಟಿಗಿಂತ ಅವರದೇ ಸಂಘಗಳು. 2017ರಲ್ಲಿ ರಾಜ್ಯ ಸರ್ಕಾರ ಪೌರಕಾರ್ಮಿಕರ ಮಟ್ಟಿಗೆ ಗುತ್ತಿಗೆ ತೆಗೆದು, ಸ್ಥಳೀಯ ಸಂಸ್ಥೆಯೇ ನೇರವಾಗಿ ಹಣ ಕೊಡುವ ಕ್ರಮಕ್ಕೆ ಬಂತು. ನಮ್ಮ ಆ ತಾಯಿಯ ಹೆಸರು ಕಚೇರಿಯ ಪಟ್ಟಿಯೊಂದರಲ್ಲಿ ಮೊದಲ ಸಲ ಕಾಣಿಸಿಕೊಂಡದ್ದು ಆಮೇಲೆ. ಕಸದ ಗಾಡಿ ಓಡಿಸುವವರು, ಗಾಡಿಗೆ ಕಸ ತುಂಬುವವರು ಎಷ್ಟೋ ಕಡೆ ಗುತ್ತಿಗೆಯಲ್ಲೇ ಉಳಿದರು.

2020ರಲ್ಲಿ ಕೊರೊನಾ ಬಂದಾಗ ನಾವು ಮನೆಯೊಳಗೆ ಕೂತೆವು, ಅವರು ಬೀದಿಯಲ್ಲಿದ್ದರು. ಕೆಲವೆಡೆ ಅವರ ಮೇಲೆ ಹೂವೆರಚಿ, ಹಾರ ಹಾಕಿ ಫೋಟೊ ತೆಗೆದರು. 2022ರ ಜುಲೈ ಮೊದಲ ವಾರ ಅವರು ರಾಜ್ಯದಾದ್ಯಂತ ಕೆಲಸ ನಿಲ್ಲಿಸಿ ಕೂತರು. ಜುಲೈ ತಿಂಗಳ ಮಲೆನಾಡು ನಿಮಗೆ ಗೊತ್ತಲ್ಲ, ಕೊಡೆ ಹಿಡಿದರೂ ಒಳಗಿನ ರವಿಕೆ ಒದ್ದೆಯಾಗುತ್ತದೆ. ತಂಗಿಯ ಮನೆಗೆಂದು ನಾನು ಆ ಊರಿಗೆ ಹೋಗಿದ್ದೆ. ತಂಗಿ, “ನಾಲ್ಕು ದಿನದಿಂದ ಕಸದವರು ಬಂದಿಲ್ಲ ಕಣೇ ಅಕ್ಕ, ಅಡುಗೆಮನೆ ನಾರುತ್ತಿದೆ,” ಎಂದು ಗೋಳಾಡಿದಳು. ನನಗೆ ನಗುವೂ ಬಂತು, ಸಂಕಟವೂ ಆಯಿತು. ಇಪ್ಪತ್ತು ವರ್ಷ ಕೂಲಿ ಬಾಕಿಯಾದದ್ದು ನಮ್ಮ ಮೂಗಿಗೆ ಬಡಿದಿರಲಿಲ್ಲ.

ಅವರು ಲಿಖಿತವಾಗಿ ಕೊಡಿ ಎಂದು ಹಿಡಿದ ಹಠ ನನಗೆ ಬಹಳ ಇಷ್ಟವಾಯಿತು. ಬಾಯಿಮಾತಿನ ಬೆಲೆ ಅವರಿಗೆ ಗೊತ್ತಿತ್ತು. ಅದೇ ಸೆಪ್ಟೆಂಬರಿನಲ್ಲಿ ಸಂಪುಟ ಮೊದಲ ಹಂತದಲ್ಲಿ 11,133 ಜನರನ್ನು ಕಾಯಂ ಮಾಡಲು ಒಪ್ಪಿತು. 2025ರ ಮೇ 1ರಂದು ಬೆಂಗಳೂರಿನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನಕ್ಕೆ ನೇಮಕಾತಿ ಪತ್ರ ಕೊಟ್ಟರು. ಅದರಲ್ಲಿ ಹೆಚ್ಚಿನವರು ಹೆಂಗಸರು, ಹೆಚ್ಚಿನವರು ದಲಿತರು. ಸಾಲಪ್ಪನವರ ವರದಿಯಿಂದ ಇಲ್ಲಿಗೆ ಹತ್ತಿರ ಹತ್ತಿರ ಐವತ್ತು ವರ್ಷ.

ನಮ್ಮ ಆ ತಾಯಿಗೂ ಆದೇಶ ಬಂತು. ಮಗಳು ಈಗ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನರ್ಸು. ಮಗಳ ಫೋನಿನಿಂದಲೇ ನನಗೆ ವಿಷಯ ಹೇಳಿದಳು. ಮುಂದಿನ ಸಲ ತಂಗಿಯ ಮನೆಗೆ ಹೋದಾಗ ಕಾಗದ ತಂದಳು. ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿ ಇಟ್ಟಿದ್ದಳು. ಓದಲು ಬರುವವಳೇ ಆದರೂ, “ನೀವು ಓದಿ ಮೇಡಂ,” ಎಂದಳು. ಪೂರ್ತಿ ಓದಿದೆ. ಆಕೆಗೆ ಆಗ ಐವತ್ತನಾಲ್ಕು. ಆದೇಶ ಬಂದ ದಿನದಿಂದ ಸೇವೆಯ ಲೆಕ್ಕ. ಅರವತ್ತಕ್ಕೆ ನಿವೃತ್ತಿ. ಹಿಂದಿನ ಇಪ್ಪತ್ತು ಚಿಲ್ಲರೆ ವರ್ಷ ಯಾವ ಲೆಕ್ಕಕ್ಕೂ ಇಲ್ಲ.

“ಆರು ವರ್ಷ ಸಿಗ್ತದೆ, ಅಷ್ಟೇ,” ಎಂದೆ.

“ಗೊತ್ತು ಮೇಡಂ. ಆ ಇಪ್ಪತ್ತು ವರ್ಷ ಗುಡಿಸಿದ್ದು ನಾನಲ್ಲ ಅಂತ ಆಯ್ತು,” ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಮಳೆ ನಿಂತಿದೆ ಎನ್ನುವ ಹಾಗೆ ಹೇಳಿದಳು.

ಅಕ್ಕತಂಗಿಯರೇ, ನಮ್ಮ ಮನೆಯ ಪಾತ್ರೆ ತಿಕ್ಕುವವಳಿಗೆ, ಹಿತ್ತಿಲು ಸವರುವವನಿಗೆ ನಾವೂ ಯಾವ ಕರಾರು ಬರೆದುಕೊಟ್ಟಿದ್ದೇವೆ? ಬೇಕೆಂದೇ ಅನ್ಯಾಯ ಮಾಡುತ್ತೇವೆ ಎಂದಲ್ಲ. ಬರೆಯುವುದು ಏಕೆ, ನಂಬಿಕೆ ಇದೆಯಲ್ಲ ಎನ್ನುತ್ತೇವೆ. ಕಾಗೋಡಿನ ಧಣಿಗಳೂ ಇದನ್ನೇ ಹೇಳಿರಬೇಕು. ನಂಬಿಕೆಯ ಮಾತನ್ನು ಯಾವಾಗಲೂ ಕೊಳಗ ಹಿಡಿದವರೇ ಆಡುತ್ತಾರೆ. ನಿಮ್ಮ ಊರಿನ ಸಭೆಯಲ್ಲಿ ಇನ್ನು ಮುಂದೆ ಗುತ್ತಿಗೆಯ ವಿಷಯ ಬಂದಾಗ, ನಿಮ್ಮ ವಾರ್ಡಿನ ಸದಸ್ಯೆ ಎದುರು ಸಿಕ್ಕರೆ, ಒಂದೇ ಪ್ರಶ್ನೆ ಕೇಳಿ. ಅದರಲ್ಲಿ ದುಡಿಯುವವರ ಹೆಸರು ಇದೆಯೇ?

ಕಾಫಿ ಕುಡಿದು ಹೊರಡುವಾಗ ಅವಳು ಮೆಟ್ಟಿಲ ಮೇಲೆ ನಿಂತು ಕೇಳಿದಳು. “ಮೇಡಂ, ಆ ಶಾಲೆ ಪುಸ್ತಕದಾಗೆ ಕೂಲಿ ಅಂತ ಬರೆದಿದ್ರಲ್ಲ, ಈಗ ಅದನ್ನ ತಿದ್ದಕ್ಕೆ ಆಗ್ತದಾ?”

ಆಗುವುದಿಲ್ಲ. ದಾಖಲಾತಿ ಪುಸ್ತಕವನ್ನು ನಮ್ಮ ಇಷ್ಟಕ್ಕೆ ತಿದ್ದುವಂತಿಲ್ಲ. ಹಾಗೆಂದೇ ಹೇಳಿದೆ. “ಹೋಗ್ಲಿ ಬಿಡಿ,” ಎಂದು ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿ, ಕೊಡೆ ಬಿಚ್ಚಿಕೊಂಡು ಹೋದಳು.

ಅವಳ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಅವಳೇ ಬೇಡವೆಂದಳು. “ಆಫೀಸಿನ ಪುಸ್ತಕದಾಗೆ ಇದೆಯಲ್ಲ, ಅಷ್ಟು ಸಾಕು.”